ಲೊಕೇಶನ್ ಸಿಗದಿದ್ದಾಗ ಆ್ಯಪ್ ಏನು ಮಾಡಬೇಕು?

ಲೊಕೇಶನ್ ಸಿಗದಿದ್ದರೆ ಎಷ್ಟೋ ಆ್ಯಪ್‌ಗಳು ಒಂದೇ ಮಾತು ಹೇಳುತ್ತವೆ: ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.’ ಇದನ್ನು ಓದಿದವರು ಏನು ಮಾಡಬೇಕು? ಪರ್ಮಿಷನ್ ಕೊಟ್ಟಿಲ್ಲದಿರಬಹುದು, ಫೋನಿನಲ್ಲಿ ಲೊಕೇಶನ್ನೇ ಆಫ್ ಆಗಿರಬಹುದು, ಸಿಗ್ನಲ್ ಬಾರದೇ ಇರಬಹುದು. ಒಂದೊಂದಕ್ಕೂ ಮದ್ದು ಬೇರೆ. ನೀವು ಆ್ಯಪ್ ಬರೆಯುವವರಾದರೆ, ಯಾವ ಎರರ್ ಅಂತ ಮೊದಲು ಬೇರ್ಪಡಿಸಿ, ಮೆಸೇಜ್ ಆಮೇಲೆ ಬರೆಯಿರಿ.

ಐಫೋನಿನಲ್ಲಿ ಆ್ಯಪ್‌ಗಳಿಗೆ ಲೊಕೇಶನ್ ಕೊಡುವ ವ್ಯವಸ್ಥೆ ‘ಕೋರ್ ಲೊಕೇಶನ್’ ನೋಡಿ. ಎರರ್ ಕೋಡ್ 0 ಬಂದರೆ ‘ಲೊಕೇಶನ್ ಅನ್‌ನೋನ್’. ಈ ಕ್ಷಣಕ್ಕೆ ಸಿಕ್ಕಿಲ್ಲ, ಅಷ್ಟೇ. ಲೊಕೇಶನ್ ಅಪ್‌ಡೇಟ್ ಶುರು ಮಾಡಿದ್ದರೆ ಸಿಸ್ಟಮ್ ತಾನೇ ಹುಡುಕುತ್ತಾ ಇರುತ್ತದೆ. ಗಾಬರಿಯಾಗಿ ಅಪ್‌ಡೇಟ್ ನಿಲ್ಲಿಸಿದರೆ ಇನ್ನೇನು ಬರಲಿದ್ದ ಉತ್ತರವನ್ನು ನಾವೇ ತಡೆದ ಹಾಗೆ. ಸುಮ್ನೆ ಕಾಯಿರಿ. ಕೋಡ್ 1 ಹಾಗಲ್ಲ, ಅದು ‘ಡಿನೈಡ್’, ಅಂದರೆ ಪರ್ಮಿಷನ್ ಇಲ್ಲ. ಇಲ್ಲಿ ಎಷ್ಟು ಸಲ ರೀಟ್ರೈ ಮಾಡಿದರೂ ಪ್ರಯೋಜನವಿಲ್ಲ. ಅಪ್‌ಡೇಟ್ ನಿಲ್ಲಿಸಿ, ಲೊಕೇಶನ್ ಯಾಕೆ ಬೇಕು ಅಂತ ಒಂದು ಸಾಲಿನಲ್ಲಿ ಹೇಳಿ, ಸೆಟ್ಟಿಂಗ್ಸ್‌ಗೆ ಹೋಗುವ ಬಟನ್ ಕೊಡಿ.

ಆಂಡ್ರಾಯ್ಡ್‌ನಲ್ಲಿ ಜಾಸ್ತಿ ಕಾಡುವುದು ಎರರ್ ಅಲ್ಲ, ನಲ್, ಅಂದರೆ ಖಾಲಿ ಉತ್ತರ. ಕೊನೆಯ ಲೊಕೇಶನ್ ಕೇಳುವ ‘ಗೆಟ್‌ಲಾಸ್ಟ್‌ಲೊಕೇಶನ್’ ಮೆಥಡ್ ಕರೆದಾಗ ಸಕ್ಸೆಸ್ ಲಿಸನರ್ (ಕರೆ ಯಶಸ್ವಿಯಾದಾಗ ನಡೆಯುವ ಕೋಡ್) ಓಡುತ್ತದೆ, ಆದರೆ ಕೈಗೆ ಬರುವುದು ನಲ್! ಈ ಮೆಥಡ್ ಹೊಸದಾಗಿ ಹುಡುಕುವುದಿಲ್ಲ, ಮೊದಲೇ ಉಳಿಸಿಟ್ಟದ್ದನ್ನು ಕೊಡುತ್ತದೆ. ಲೊಕೇಶನ್ ಆಫ್ ಮಾಡಿದರೆ ಆ ಉಳಿಕೆಯೂ ಅಳಿಸಿಹೋಗುತ್ತದೆ. ಹಾಗಾಗಿ ಸಕ್ಸೆಸ್ ಒಳಗೂ ನಲ್ ಚೆಕ್ ಇರಲೇಬೇಕು. ನಲ್ ಬಂದರೆ ಈಗಿನ ಲೊಕೇಶನ್ ಹುಡುಕುವ ‘ಗೆಟ್‌ಕರೆಂಟ್‌ಲೊಕೇಶನ್’ ಕರೆಯಿರಿ. ಅದೂ ನಲ್ ಕೊಡಬಹುದು. ಆಗ ಊರಿನ ಹೆಸರನ್ನು ಟೈಪ್ ಮಾಡುವ ದಾರಿ ಕೊಡಿ, ಖಾಲಿ ಸ್ಕ್ರೀನ್ ಮಾತ್ರ ಬೇಡ.

ನಲ್ ಅಲ್ಲದಿದ್ದರೂ ತಕ್ಷಣ ನಂಬಬೇಡಿ, ಹಳೆಯ ಲೊಕೇಶನ್ ಇರಬಹುದು. ಎಷ್ಟು ಹಳೆಯದು ಅಂತ ನೋಡಲು ‘ಎಲಾಪ್ಸ್ಡ್ ರಿಯಲ್‌ಟೈಮ್’ ಬಳಸಿ, ಅಂದರೆ ಫೋನ್ ಆನ್ ಆದಾಗಿನಿಂದ ಕಳೆದ ಸಮಯ. ಗಡಿಯಾರದ ಸಮಯ ಮಧ್ಯದಲ್ಲಿ ಬದಲಾಗಬಹುದು ಅಲ್ವಾ, ಇದು ಹಾಗೆ ಬದಲಾಗುವುದಿಲ್ಲ.

ಪರ್ಮಿಷನ್ ಸಿಕ್ಕರೂ ಅರ್ಧ ಸಿಕ್ಕಿರಬಹುದು. ಆಂಡ್ರಾಯ್ಡ್ 12ರಿಂದ ಬಳಕೆದಾರರು ‘ಅಪ್ರಾಕ್ಸಿಮೇಟ್’ (ಅಂದಾಜು ಜಾಗ) ಅಷ್ಟೇ ಕೊಡಬಹುದು, ಐಒಎಸ್ 14ರಿಂದ ‘ಪ್ರಿಸೈಸ್’ (ನಿಖರ ಜಾಗ) ಆಫ್ ಮಾಡಬಹುದು. ಇದು ಎರರ್ ಅಲ್ಲ, ಅವರ ಆಯ್ಕೆ. ಹವಾಮಾನ ತೋರಿಸಲು ಅಷ್ಟು ಧಾರಾಳ ಸಾಕು, ಪೂರ್ತಿ ಕೊಡಿ ಎಂದು ಪೀಡಿಸಬೇಡಿ. ಆಂಡ್ರಾಯ್ಡ್ 11ರಿಂದ ಎರಡು ಸಲ ಬೇಡ ಎಂದರೆ ಪರ್ಮಿಷನ್ ಕೇಳುವ ಡೈಲಾಗ್ ಮತ್ತೆ ಬರುವುದೇ ಇಲ್ಲ. ಆದ್ದರಿಂದ ಆ್ಯಪ್ ತೆರೆದ ಕೂಡಲೇ ಕೇಳುವುದಕ್ಕಿಂತ, ಮ್ಯಾಪ್ ಬಟನ್ ಒತ್ತಿದಾಗ ಕೇಳುವುದು ಒಳ್ಳೆಯದು.

ಟೆಸ್ಟ್ ಮಾಡುವಾಗ ಆ್ಯಪ್ ಓಡುತ್ತಿರುವಾಗಲೇ ಕ್ವಿಕ್ ಸೆಟ್ಟಿಂಗ್ಸ್‌ನಿಂದ ಲೊಕೇಶನ್ ಆಫ್ ಮಾಡಿ ನೋಡಿ. ಲೋಡಿಂಗ್ ಚಕ್ರ ನಿಲ್ಲದೆ ತಿರುಗುತ್ತಿದ್ದರೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ) ಹಾಕಿಲ್ಲ ಅಂತ ಲೆಕ್ಕ.