ಹೂಳಿನೊಳಗಿನ ಹೂಪುಡಿ

ಏಪ್ರಿಲ್ ಬಂತೆಂದರೆ ನಮ್ಮ ಕೊಪ್ಪಳದ ಕಡೆ ಕೆರೆ ಹೂಳು ಎತ್ತುವ ಕೆಲಸ ಜೋರು. ಹೋದ ಬೇಸಿಗೆಯಲ್ಲಿ ಕುಷ್ಟಗಿ ಹತ್ತಿರದ ಒಂದು ಕೆರೆಯಂಗಳದಲ್ಲಿ ನಿಂತಿದ್ದೆ. ಜೆಸಿಬಿ ಕಡಿದ ಗೋಡೆಯಲ್ಲಿ ಪದರಗಳು ಚೆನ್ನಾಗಿ ಕಾಣುತ್ತಿದ್ದವು. ಜೋರು ಮಳೆಗೆ ನುಗ್ಗಿ ಬಂದ ಮರಳು, ಅದರ ಮೇಲೆ ನಿಂತ ನೀರಿನಿಂದ ಮೆಲ್ಲಗೆ ಇಳಿದ ಕಪ್ಪು ಮಣ್ಣು, ಮತ್ತೆ ಮರಳು. ಒಂದು ಹಿಡಿ ಮಣ್ಣು ತೆಗೆದು ನೋಡುತ್ತಿದ್ದೆ.

“ಅದ್ರಾಗ ಏನ್ ಹುಡುಕ್ತೀರಿ ಸರ?” ಎಂದರು ಟ್ರಾಕ್ಟರ್ ತಂದಿದ್ದ ರೈತರು.

“ಹೂವಿನ ಪುಡಿ” ಎಂದೆ. ನಕ್ಕರು.

ಪರಾಗದ ಕಣ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹತ್ತರಿಂದ ನೂರು ಕಣ ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆದೀತು. ಆದರೆ ಅದರ ಹೊರಕವಚ ಭಲೇ ಗಟ್ಟಿ. ಅದು ಸ್ಪೋರೋಪೊಲೆನಿನ್ ಎಂಬ ವಸ್ತುವಿನದು. ಮಣ್ಣಿನಿಂದ ಪರಾಗ ಬೇರ್ಪಡಿಸುವವರು ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ಹಾಕುತ್ತಾರೆ. ಮರಳು ಕರಗಿ ಹೋಗುತ್ತದೆ, ಕವಚ ಹಾಗೇ ಕೂತಿರುತ್ತದೆ! ಆಮೇಲೆ ಸೂಕ್ಷ್ಮದರ್ಶಕದಲ್ಲಿ ಎಣಿಕೆ. ಕರಿಜಾಲಿಯ ಪರಾಗ ಹಲವು ಕಣ ಒಟ್ಟಿಗೆ ಅಂಟಿದ ಪುಟ್ಟ ಉಂಡೆ. ಹುಲ್ಲಿನದು ಗುಂಡಗೆ, ಒಂದೇ ತೂತು. ಜೋಳ, ಸಜ್ಜೆ, ಕಳೆಹುಲ್ಲು ಎಲ್ಲವೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಎಣಿಸುವವರಿಗೆ ತಲೆನೋವು. ಪದರದಿಂದ ಪದರಕ್ಕೆ ಮರ ಎಷ್ಟು, ಹುಲ್ಲು ಎಷ್ಟು ಎಂದು ಲೆಕ್ಕ ಇಟ್ಟು ಹಳೆಯ ಹವಾಮಾನ ಊಹಿಸುವ ಈ ದಾರಿಯನ್ನು 1916ರಲ್ಲಿ ಜಗತ್ತಿಗೆ ತೋರಿಸಿದವರು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್.

ಆಮ್ಲಕ್ಕೂ ಬಗ್ಗದ ಈ ಕವಚ ಗಾಳಿಗೆ ಸೋಲುತ್ತದೆ. ಸದಾ ನೀರು ನಿಂತ ಕೆಸರಿನಲ್ಲಾದರೆ ಸಾವಿರಾರು ವರ್ಷ ಉಳಿಯುತ್ತದೆ, ಒಣಗಿ ನೆನೆದು ಒಣಗುವ ಮಣ್ಣಿನಲ್ಲಿ ಕೆಟ್ಟುಹೋಗುತ್ತದೆ. ನಮ್ಮ ಕೆರೆಗಳೋ ಬೇಸಿಗೆಗೆ ಬತ್ತುವಂಥವು. ವಿಜಯನಗರ ಕಾಲದ ಕೆರೆ ಅಂದರೂ ಐದಾರು ನೂರು ವರ್ಷದ ಲೆಕ್ಕ, ಅಷ್ಟೇ. ಎರೆ ಹೊಲದ ಕಥೆ ಇನ್ನೂ ಕಷ್ಟ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಾಗ ಮೇಲಿನ ಮಣ್ಣು ಕೆಳಗೆ ಬೀಳುತ್ತದೆ, ಮಳೆ ಬಂದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲದಲ್ಲಿ ಪದರ ಎಲ್ಲಿ ಉಳಿಯಬೇಕು?

ಹೀಗಾಗಿ ದಕ್ಷಿಣದ ಹಳೆಯ ಮಳೆಯ ಕಥೆ ಓದಲು ನೀಲಗಿರಿಯ ಜೌಗು ನೆಲಕ್ಕೋ ಬಂಗಾಳ ಕೊಲ್ಲಿಯ ತಳಕ್ಕೋ ಹೋಗಬೇಕು. ನೀಲಗಿರಿಯ ಜೌಗು ಮಣ್ಣಿನಲ್ಲಿ ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪರಾಗದ ಬದಲು ಇಂಗಾಲದ ಗುರುತು ನೋಡಿದರು. ಒಣ ಹವೆಯ ಹುಲ್ಲು ಬಿಟ್ಟುಹೋಗುವ ಇಂಗಾಲವೇ ಬೇರೆ, ಮರದ್ದೇ ಬೇರೆ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದಲ್ಲಿ, ಮುಂಗಾರು ಸೊರಗಿತ್ತು. 10 ಸಾವಿರ ವರ್ಷದ ಹಿಂದಿನ ಹೊತ್ತಿಗೆ ಚೇತರಿಸಿಕೊಂಡಿತ್ತು.

ಈ ಏರಿಳಿತಕ್ಕೆ ಒಂದು ಮುಖ್ಯ ಕಾರಣ ಆಕಾಶದಲ್ಲಿದೆ. ಈಗ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ. ಸುಮಾರು 11 ಸಾವಿರ ವರ್ಷದ ಹಿಂದೆ ಜೂನ್ ಆಸುಪಾಸಿನಲ್ಲಿ ಹತ್ತಿರ ಬರುತ್ತಿತ್ತು. ಆಗ ನಮ್ಮ ಬೇಸಿಗೆಯ ಬಿಸಿಲು ಈಗಿನದಕ್ಕಿಂತ ಜಾಸ್ತಿ. ನೆಲ ಹೆಚ್ಚು ಕಾದಷ್ಟೂ ಸಮುದ್ರದ ತೇವದ ಗಾಳಿಯನ್ನು ಹೆಚ್ಚು ಎಳೆಯುತ್ತದೆ. ಹತ್ತಿರ ಬರುವ ಈ ದಿನ ಹೀಗೆ ಸರಿಯುತ್ತಾ ವರ್ಷವೆಲ್ಲ ಒಂದು ಸುತ್ತು ಹಾಕಲು 20 ಸಾವಿರ ವರ್ಷಕ್ಕೂ ಮೇಲೆ ಬೇಕು.

ಗೋದಾವರಿ ಮುಖದ ಎದುರು ಸಮುದ್ರದ ಕೆಸರಿನಲ್ಲಿ ಸಿಕ್ಕ ಎಲೆಗಳ ಮೇಣ ಮುಂದಿನ ಕಥೆ ಹೇಳುತ್ತದೆ. ಸುಮಾರು 4000 ವರ್ಷದ ಹಿಂದಿನಿಂದ ಒಣ ಹವೆ ತಾಳುವ ಗಿಡಗಳು ನಿಧಾನವಾಗಿ ಹೆಚ್ಚಾದವು. ಆ ಕಾಲಕ್ಕೆ ಬಳ್ಳಾರಿ ಸುತ್ತ ದನಗಾಹಿಗಳಿದ್ದರು. ಅವರು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬ ಕುಡತಿನಿಯಲ್ಲಿದೆ. ಹಾಗಾದರೆ ಗಿಡಮರ ಬದಲಾಗಿದ್ದು ಮಳೆ ಕಮ್ಮಿಯಾಗಿಯೋ, ದನ ಮೇಯ್ದೋ, ಕಾಡು ಕಡಿದೋ? ಪರಾಗ ಎಣಿಸುವವರಿಗೂ ಬಿಡದ ಪ್ರಶ್ನೆ ಇದು. ಯಾವ ಗಿಡ ಇತ್ತು ಎಂದು ಪರಾಗ ಹೇಳುತ್ತದೆ, ಯಾಕಿತ್ತು ಎಂದು ನಾವೇ ತರ್ಕ ಮಾಡಬೇಕು.

ಬಳ್ಳಾರಿ ಜಾಲಿಯನ್ನೇ ನೋಡಿ. ಬರ ತಾಳುವ ಗಿಡ. ಹೆಸರು ನಮ್ಮದು, ತವರು ಅಮೆರಿಕ ಖಂಡ. ಭಾರತಕ್ಕೆ ಬಂದಿದ್ದು 19ನೇ ಶತಮಾನದಲ್ಲಿ. ಐದು ಸಾವಿರ ವರ್ಷದ ನಂತರ ಯಾರೋ ನಮ್ಮ ಕಾಲದ ಹೂಳು ತೋಡಿ ಈ ಪರಾಗ ಕಂಡರೆ, “ಇದ್ದಕ್ಕಿದ್ದಂತೆ ಭಾರೀ ಬರ ಬಿದ್ದಿತ್ತು” ಎಂದು ಬರೆದುಬಿಡಬಹುದು, ಅಲ್ವಾ?

ಇದನ್ನೆಲ್ಲ ಆ ರೈತರಿಗೆ ಹೇಳಿದೆ. ಜಾಲಿಯ ಹೆಸರೆತ್ತಿದ್ದೇ ತಡ, “ಅದ್ರ ಪುಡಿ ಸಾವಿರ ವರ್ಷ ಉಳಿತೈತೇನ್ರಿ? ಬೇರು ಕಿತ್ತೇ ಸಾಕಾಗೇತಿ” ಎಂದರು. ಅಷ್ಟರಲ್ಲಿ ಟ್ರೇಲರ್ ತುಂಬಿತ್ತು. ಮರಳು, ಕಪ್ಪು ಮಣ್ಣು, ಹೂಪುಡಿ ಎಲ್ಲ ಕಲೆಸಿಕೊಂಡು ಹತ್ತಿ ಹೊಲದ ಕಡೆ ಹೊರಟವು.