ಪೆನ್ನಿನ ಗೆರೆಯಡಿಯ ಹನ್ನೊಂದು ಸಾಲು ಅಡಿಕೆ

ಕಾಸರಗೋಡಿನ ಕಾರಡ್ಕ, ಆದೂರು ಕಡೆಯ ಕಾಡಂಚಿನ ತೋಟಗಳ ಗಡಿ ಅಳೆದುಕೊಡಲು ನನ್ನನ್ನು ಕರೆಯುವವರಲ್ಲಿ ಅನೇಕರ ಕೈಯಲ್ಲಿ ಈಚೆಗೆ ಮದ್ರಾಸು ಆಡಳಿತದ ಕಾಲದ ಸ್ಥಳಾಕೃತಿ ನಕ್ಷೆಯ ಒಂದು ಪ್ರತಿ ಇರುತ್ತದೆ. ಮೀಸಲು ಅರಣ್ಯದ ಚುಕ್ಕಿಗೆರೆ ತಮ್ಮ ಕುಮ್ಕಿಯ (ತೋಟದವರು ಸೊಪ್ಪು-ಸೌದೆಗೆ ಬಳಸುವ, ಸುತ್ತಲಿನ ಸರಕಾರಿ ಜಾಗ) ಆಚೆಗೆ ಹಾದಿದೆ ಎಂಬುದಕ್ಕೆ ಅವರಿಗೆ ಅದೇ ಸಾಕ್ಷಿ.

ಆ ನಕ್ಷೆಯ ಅಳತೆ ಇಂಚಿಗೆ ಒಂದು ಮೈಲು, ಅಂದರೆ ನೆಲದ ಮೇಲಿನ 63,360 ಇಂಚು ಕಾಗದದಲ್ಲಿ ಒಂದೇ ಇಂಚು. ಕಾಗದದ ಒಂದು ಮಿಲಿಮೀಟರು ನೆಲದಲ್ಲಿ 63 ಮೀಟರಿಗೂ ಹೆಚ್ಚು. ಹಳೆಯ ವರ್ಗ ಜಾಗದ (ಕಂದಾಯ ಕಟ್ಟುವ ಸ್ವಂತ ಹಿಡುವಳಿ) ಸುತ್ತಲಿನ ನೂರು ಗಜದ ಕುಮ್ಕಿ ಅಲ್ಲಿ ಪೂರ್ತಿ ಒಂದೂವರೆ ಮಿಲಿಮೀಟರೂ ಇಲ್ಲ. ಅರ್ಧ ಮಿಲಿಮೀಟರು ದಪ್ಪದ ಪೆನ್ನಿನ ಗೆರೆ ಎಳೆದರೆ, ಒಂಬತ್ತು ಅಡಿಗೊಂದರಂತೆ ನೆಟ್ಟ ಹನ್ನೊಂದು ಸಾಲು ಅಡಿಕೆ ಅದರಡಿ ಮುಚ್ಚಿಹೋಗುತ್ತದೆ.

ಮುಳ್ಳೇರಿಯ ಕಡೆಯ ಹಿರಿಯರೊಬ್ಬರು ಇದನ್ನು ಕೇಳಿ, ಮುಂದಿನ ವಾರ ಅದೇ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ಪಂಚೆಯಲ್ಲಿ ಸುತ್ತಿಕೊಂಡು ಬಂದರು. “ಈಗ ಸರಿ ಕಾಣ್ತದಲ್ಲ, ಸರ್ವೇಯರ್ರೇ?” ನಕ್ಷೆಯ ಜೊತೆಗೆ ಗೆರೆಯೂ ನಾಲ್ಕು ಪಟ್ಟು ದಪ್ಪವಾಗಿತ್ತು.

ಇಂಥ ನಕ್ಷೆ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಐವತ್ತು ಅಡಿ ಎತ್ತರಕ್ಕೊಂದರಂತೆ ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು, ತೋಡಿನ ಹರಿವು, ಮರ ಸಾಗಿಸಿದ ಕೂಪಿನ ಗಾಡಿದಾರಿ, ಇವನ್ನು ಗುರುತಿಸಲು ನನಗೂ ಅದೇ ಬೇಕು. ಆದರೆ ಅದರಿಂದ ತೆಗೆದ ಅಕ್ಷಾಂಶ-ರೇಖಾಂಶವನ್ನು ನೇರವಾಗಿ ಮೊಬೈಲಿಗೆ ಹಾಕಬಾರದು; ಆ ನಕ್ಷೆಗಳ ಆಧಾರ ಎವರೆಸ್ಟ್ ಗೋಲಾಭ ಎಂಬ, ಭೂಮಿಯ ಆಕಾರದ ಹಳೆಯ ಲೆಕ್ಕದ ಮಾದರಿ; ಮೊಬೈಲಿನದು ಬೇರೆ.

ಜಾಗದ ಗಡಿಗೆ ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್, ಅಂದರೆ ಸರ್ವೆಯ ಅಳತೆ ಪುಸ್ತಕ) ಸ್ಕೆಚ್ ನೋಡಬೇಕು. ಅದರ ಹಳೆಯ ಅಳತೆಗಳು ಸರಪಳಿಯ ಕೊಂಡಿಗಳಲ್ಲಿವೆ, ಒಂದು ಕೊಂಡಿಗೆ ಸುಮಾರು 20 ಸೆಂಟಿಮೀಟರು. ಅಜ್ಜನ ಕಾಲದ ಕನ್ನಡ ದಸ್ತಾವೇಜು ಮತ್ತು ಇಂದಿನ ಮಲಯಾಳದ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ತಾಳ್ಮೆ ಬೇಕು. ಅರಣ್ಯದ ಗಡಿಯಾದರೆ ಅಧಿಸೂಚನೆಯಲ್ಲಿರುವ ಗಡಿ ವಿವರಣೆಯನ್ನೂ ಸ್ಥಳದ ಕಲ್ಲುಗಳನ್ನೂ ನೋಡದೆ ನಾನು ಅಭಿಪ್ರಾಯ ಕೊಡುವುದಿಲ್ಲ.

ಕೊನೆಗೆ ಆ ಹಿರಿಯರ ತೋಟಕ್ಕೇ ಹೋಗಿ, ಬೇಲಿಯಿಂದ ಒಳಕ್ಕೆ 32 ಮೀಟರು ಟೇಪು ಹಿಡಿಸಿದೆ. ಬಾವಿಯನ್ನು ದಾಟಿ ನಿಂತ ಅವರು ಹಿಂತಿರುಗಿ ನೋಡಿ, “ಇಷ್ಟೂ ಆ ಗೆರೆಯೊಳಗೆ ಉಂಟಾ?” ಎಂದರು.