ಶುಗರ್ ರಿಪೋರ್ಟ್ ಜೊತೆ ಕಾಲಿನ ಬಲವನ್ನೂ ನೋಡಿ

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವ ಮಕ್ಕಳು ಮೊದಲು ಕೈಗೆ ಕೊಡುವುದು ಶುಗರ್ ರಿಪೋರ್ಟ್. ಖಾಲಿ ಹೊಟ್ಟೆಯಲ್ಲಿ ಎಷ್ಟು, ಊಟವಾದ ಮೇಲೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು, ಎಲ್ಲಾ ಬಾಯಿಪಾಠ. "ಅಮ್ಮ ಕುರ್ಚಿಯಿಂದ ಹೇಗೆ ಏಳ್ತಾರೆ?" ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ "ವಯಸ್ಸಾಯ್ತಲ್ವಾ ಡಾಕ್ಟ್ರೇ, ಸ್ವಲ್ಪ ನಿಧಾನ" ಅನ್ನುತ್ತಾರೆ. ಆ ನಿಧಾನದಲ್ಲಿ ವಯಸ್ಸಿನ ಪಾಲು ಇದ್ದೇ ಇದೆ, ಆದರೆ ಶುಗರಿನ ಪಾಲೂ ಇದೆ. ಅದನ್ನು ಬೇಗ ಗಮನಿಸಿದರೆ ಸಾಕಷ್ಟು ತಡೆಯಬಹುದು.

ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಗೆ ದೊಡ್ಡ ಗಿರಾಕಿ ನಮ್ಮ ಮಾಂಸಖಂಡ. ವಯಸ್ಸಾದಂತೆ ಅದು ಕರಗುತ್ತದೆ, ತೊಡೆಯಲ್ಲಿ ಇದು ಜಾಸ್ತಿ ಕಾಣುತ್ತದೆ. ಅದು ಕರಗಿದಷ್ಟೂ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇನ್ನೊಂದು ಕಡೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹೊಸ ಮಾಂಸಖಂಡ ಕಟ್ಟುವುದೂ ನಿಧಾನವಾಗುತ್ತದೆ, ಹೀಗಾಗಿ ಶುಗರ್ ಕೆಟ್ಟಂತೆ ಬಲ ಕುಗ್ಗುತ್ತದೆ, ಬಲ ಕುಗ್ಗಿದಂತೆ ಶುಗರ್ ಇನ್ನಷ್ಟು ಕೆಡುತ್ತದೆ. ತೂಕ ನೋಡಿದರೆ ಇದು ಗೊತ್ತಾಗಲ್ಲ. ಕರಗಿದ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕ ಅಷ್ಟೇ ಇರುತ್ತದೆ.

ಪಾದದ ನರಗಳ ಕಥೆ ಬೇರೆ. ಶುಗರ್ ಜಾಸ್ತಿ ಇದ್ದರೆ ಅವೂ ಕೆಡುತ್ತವೆ. ಬರೀ ಜೋಮು, ಉರಿ ಅಷ್ಟೇ ಅಲ್ಲ, ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿಕೊಂಡದ್ದೂ ಕೆಲವರಿಗೆ ತಿಳಿಯುವುದಿಲ್ಲ. ನೆಲದ ಸ್ಪರ್ಶ ಸರಿಯಾಗಿ ಸಿಗದ ಕಾಲಿಗೆ ಸಮತೋಲನ ಹಿಡಿಯುವುದು ಕಷ್ಟ. ಅದರ ಮೇಲೆ ಶುಗರ್ ಸುಮಾರು 180 ದಾಟಿದರೆ ಸಕ್ಕರೆ ಮೂತ್ರದಲ್ಲಿ ಹೋಗಲು ಶುರುವಾಗುತ್ತದೆ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ, ಎದ್ದ ತಕ್ಷಣ ಬಿಪಿ ಇಳಿದು ತಲೆ ತಿರುಗುತ್ತದೆ. ಬೀಳುವುದು ಹೀಗೆಯೇ.

ಹಾಗಾದರೆ ಶುಗರ್ ಆದಷ್ಟು ಇಳಿಸಿಬಿಡೋಣ ಅಂತ ಹೊರಡಬೇಡಿ. ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಎಂಬತ್ತು ದಾಟಿದ, ಮರೆವು ಶುರುವಾದ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6 ಇದೆ ಅಂತ ಮನೆಯವರು ಖುಷಿಯಿಂದ ಹೇಳಿದರೆ ನಾನು ಮೊದಲು ಮಾತ್ರೆಗಳ ಚೀಟಿ ಕೇಳುತ್ತೇನೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಆರೋಗ್ಯವಾಗಿರುವ ಹಿರಿಯರಿಗೆ 7ರಿಂದ 7.5ರೊಳಗೆ, ಹಲವು ಕಾಯಿಲೆ ಇರುವವರಿಗೆ 8ರೊಳಗೆ ಇದ್ದರೆ ಸಾಕು ಅನ್ನುತ್ತದೆ. ತೀರಾ ಇಳಿಸಲು ಹೋದರೆ ಲೋ ಶುಗರ್ ಆಗುವ ಭಯ, ಅಂದರೆ ರಕ್ತದ ಶುಗರ್ 70ಕ್ಕಿಂತ ಕೆಳಗೆ ಹೋಗುವುದು. ವಯಸ್ಸಾದವರಲ್ಲಿ ಬೆವರು, ನಡುಕ ಕಾಣಿಸದೇ ಇರಬಹುದು. ಸುಮ್ನೆ ಮಂಕಾಗಿ ಕೂರುತ್ತಾರೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಡುಕುತ್ತಾರೆ, ಅಥವಾ ಬೀಳುತ್ತಾರೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಡುಕ, ಎದೆಬಡಿತ ಇನ್ನೂ ಮರೆಯಾಗುತ್ತವೆ. ಗ್ಲಿಬೆನ್‌ಕ್ಲಮೈಡ್ ತರಹದ, ಬಹಳ ಹೊತ್ತು ಶುಗರ್ ಇಳಿಸುತ್ತಲೇ ಇರುವ ಮಾತ್ರೆಯನ್ನು ಈ ವಯಸ್ಸಿನಲ್ಲಿ ನಾನು ಬರೆಯುವುದಿಲ್ಲ. ಆದರೆ ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿ ಕುರ್ಚಿ ಇಡಿ, ಪಕ್ಕದಲ್ಲಿ ನೀವು ನಿಲ್ಲಿ. ಅವರು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಜಾಸ್ತಿ ಬೇಕಾದರೆ ಕಾಲಿನ ಬಲ ಕಡಿಮೆಯಾಗಿರಬಹುದು. ಸಮಯದ ಜೊತೆ ದೇಹವನ್ನೂ ನೋಡಿ: ಕೈ ತಾನಾಗಿ ಕುರ್ಚಿಯ ಹಿಡಿ ಹುಡುಕುತ್ತದಾ, ಮೊದಲು ಎರಡು ಸಲ ಮುಂದಕ್ಕೆ ವಾಲಿ ಆಮೇಲೆ ಏಳುತ್ತಾರಾ, ಮೂರನೇ ಸಲಕ್ಕೆ ಮೊಣಕಾಲುಗಳು ಒಳಕ್ಕೆ ಬಾಗುತ್ತವಾ. ರಕ್ತದ ರಿಪೋರ್ಟಿನಲ್ಲಿ ಇದು ಯಾವುದೂ ಬರುವುದಿಲ್ಲ.

ಪರಿಹಾರ ವಾಕಿಂಗ್ ಒಂದೇ ಅಲ್ಲ. ವಾಕಿಂಗ್ ಒಳ್ಳೆಯದೇ, ಆದರೆ ತೊಡೆಗೆ ಬಲ ಬರಬೇಕಾದರೆ ಅದಕ್ಕೆ ಭಾರ ಬೀಳಬೇಕು. ಇದೇ ಕುರ್ಚಿಯಿಂದ ಎದ್ದು ಕೂರುವುದು, ಏನನ್ನಾದರೂ ಹಿಡಿದು ತುದಿಗಾಲಲ್ಲಿ ನಿಲ್ಲುವುದು, ವಾರಕ್ಕೆ ಎರಡು ಮೂರು ದಿನ, ನಿಧಾನವಾಗಿ ಹೆಚ್ಚಿಸುತ್ತಾ. ಶುಗರ್ ಭಯಕ್ಕೆ ಊಟ ಕಡಿಮೆ ಮಾಡಿಸಿ ಮೈ ಸೊರಗಿಸಬೇಡಿ. ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 60 ಕೆಜಿ ಇದ್ದರೆ 60ರಿಂದ 72 ಗ್ರಾಂ. ಜ್ವರ ಬಂತು ಅಂತ ದಿನಗಟ್ಟಲೆ ಮಲಗಿಸಲೂ ಬೇಡಿ. ಗಟ್ಟಿಮುಟ್ಟಾದ ಹಿರಿಯರೇ 10 ದಿನ ಹಾಸಿಗೆಯಲ್ಲಿದ್ದರೆ ಕಾಲಿನ ಮಾಂಸಖಂಡ ಹೆಚ್ಚುಕಡಿಮೆ 1 ಕೆಜಿ ಕರಗಬಹುದು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಚಪ್ಪಲಿ ಬಿಚ್ಚಿಸಿ ಪಾದ ತೋರಿಸಿ. ಮಲಗಿದಾಗ ಮತ್ತು ನಿಂತಾಗ ಬಿಪಿ ನೋಡಲು ಹೇಳಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಳಿಂದ ನಡೆಯುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಕೇಳಿ, ಆ ಮಾತ್ರೆಯಿಂದ ಬಿ12 ಕಡಿಮೆಯಾಗಬಹುದು, ಬಿ12 ಕೊರತೆಯಿಂದಲೂ ಕಾಲು ಜೋಮು ಹಿಡಿಯುತ್ತದೆ. ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದರು ಅನ್ನುವುದನ್ನು ಅವರು ಮುಚ್ಚಿಟ್ಟರೂ ನೀವು ಹೇಳಿ.